ಓನರ್ ಆಂಟಿಯ ಗಿಳಿಹಸಿರು ಟೀ ಶರ್ಟು

ಹೋದ ವಾರ ನಮ್ಮ ಮನೆಗೆಲಸದವಳು ನೆಲ ಒರೆಸುವ ಬಟ್ಟೆ ಚಿಂದಿಯಾಗಿದೆ, ಬೇರೆ ಕೊಡಿ ಎಂದಳು. ಮಂಚದ ಕೆಳಗೆ ಹಳೇ ಸೂಟ್‌ಕೇಸಿದೆ, ಅದರಲ್ಲಿ ಯಾವುದಾದರೂ ತೊಗೋ ಎಂದು ಹೇಳಿ ನಾನು ಸೊಪ್ಪು ಬಿಡಿಸುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಫಿನಾಯಿಲ್ ವಾಸನೆ ಬಂತು. ತಲೆಯೆತ್ತಿ ನೋಡಿದರೆ ಬಕೆಟ್ಟಿನ ಅಂಚಿನ ಮೇಲೆ ಏನೋ ಹಸಿರು. ಗಿಳಿಹಸಿರು. ಅದರ ಒಂದು ತೋಳು ಆಗಲೇ ನೀರಿಗೆ ಇಳಿದಿತ್ತು.

ಎದ್ದು ಓಡಿದೆ. "ಅದಲ್ಲ ಕಣೇ, ಅದು ಬೇಡ, ಬಿಡು!"

ಅವಳು ಹಾವೇರಿ ಕಡೆಯವಳು. ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಕ್ಕಳು. "ಇದನ್ನ ಯಾರ್ ಹಾಕ್ಕೋತಾರ್ರೀ ಅಕ್ಕಾ? ಕಣ್ಣ ಕುಕ್ಕತೈತಿ. ಯಾರ್ದ್ರೀ ಇದು?"

ಅವಳ ಕೈಯಿಂದ ತೆಗೆದುಕೊಂಡು ಹಿಂಡಿ, ಬಾಲ್ಕನಿಯ ತಂತಿಯ ಮೇಲೆ ಹರವಿದೆ. ಬೆನ್ನ ಮೇಲಿನ ತೆಂಗಿನಮರದ ಚಿತ್ರ ಅರ್ಧ ಉದುರಿಹೋಗಿತ್ತು. ಹೊಸದಿದ್ದಾಗಲೂ ಅದು ತೆಂಗಿನಮರದ ಹಾಗೆ ಕಾಣುತ್ತಿರಲಿಲ್ಲ, ನಿಲ್ಲಿಸಿಟ್ಟ ಪೊರಕೆಯ ಹಾಗೆ ಕಾಣುತ್ತಿತ್ತು. ಅದರ ಕೆಳಗೆ 'ಪಾರ್ಕ್ ಗೆಳೆಯರ ಬಳಗ' ಎನ್ನುವ ಅಕ್ಷರಗಳು ಮಾತ್ರ ಇನ್ನೂ ಗಟ್ಟಿಯಾಗಿದ್ದವು. ಆ ಬಳಗ ಈಗ ಇಲ್ಲ. ಆ ಟೀ ಶರ್ಟು ತೊಟ್ಟಿದ್ದ ನಮ್ಮ ಓನರ್ ಆಂಟಿಯೂ ಇಲ್ಲ.

ಮದುವೆಯಾಗಿ ಬಂದ ಮೇಲೆ ನಾವು ಬಹಳ ವರ್ಷ ಬಸವೇಶ್ವರನಗರದಲ್ಲಿ ಒಂದು ಮನೆಯ ಮಹಡಿ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆವು. ಕೆಳಗೆ ಓನರ್ ಆಂಟಿ ಮತ್ತು ಅಂಕಲ್. ಅವರಿಗೆ ಮಕ್ಕಳಿರಲಿಲ್ಲ. ಮನೆ ನೋಡಲು ಹೋದ ದಿನ ಆಂಟಿ ಅಡ್ವಾನ್ಸಿನ ಮಾತೆತ್ತುವ ಮೊದಲೇ "ಏನ್ ಓದಿದೀಯಮ್ಮಾ?" ಎಂದು ಕೇಳಿದರು. ಬಿ.ಕಾಂ. ಎಂದೆ. ಈ ಮಾತು ಹೇಳುವಾಗ ಇವತ್ತಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಮ್ಮಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ಬಟ್ಟೆಯ ಬೇಲು ಹೊತ್ತವರು, ಅಮ್ಮ ಮನೆಯಲ್ಲಿ ಊದಿನಕಡ್ಡಿ ಹೊಸೆದವಳು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಕಂಡವಳು ನಾನೇ ಮೊದಲು. ಹಗಲು ಕೆಲಸ, ಸಂಜೆ ಕಾಲೇಜು. ನನ್ನ ಪುಸ್ತಕಗಳೆಲ್ಲ ಊದಿನಕಡ್ಡಿಯ ವಾಸನೆ ಹೊಡೆಯುತ್ತಿದ್ದವು. ಆ ಮನೆಗೆ ಬಂದ ದಿನ ನಾನು ಗೋಡೆಗೆ ಮೊದಲು ಮೊಳೆ ಹೊಡೆದದ್ದು ದೇವರ ಪಟಕ್ಕಲ್ಲ, ಸರ್ಟಿಫಿಕೇಟಿಗೆ. ಗೋಡೆ ಹಾಳಾಯಿತೆಂದು ಆಂಟಿ ಬೈಯಲಿಲ್ಲ. ಕನ್ನಡಕ ಏರಿಸಿ ಅದನ್ನು ಅಕ್ಷರ ಅಕ್ಷರವಾಗಿ ಓದಿದರು. ಅವತ್ತಿನಿಂದ ನಾನು ಅವರಿಗೆ 'ಡಿಗ್ರಿ'. "ಏ ಡಿಗ್ರಿ, ಬಾರೇ ಇಲ್ಲಿ, ಈ ಕರೆಂಟ್ ಬಿಲ್ಲಲ್ಲಿ ಏನೋ ಬರ್ದವ್ರೆ ನೋಡು!" ಬೀದಿಯವರು ಕೇಳಿ ನಗುತ್ತಿದ್ದರು. ನನಗೆ ಆ ಹೆಸರು ಇಷ್ಟವಾಗಿಬಿಟ್ಟಿತ್ತು. ನಮ್ಮಪ್ಪ ಬದುಕಿದ್ದಿದ್ದರೆ ಅವರೂ ಹಾಗೇ ಕರೆಯುತ್ತಿದ್ದರೇನೋ...

ಅಂಕಲ್ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ರಿಟೈರಾದವರು. ಕೊರಳಲ್ಲಿ ವಿಶಲ್ ಹಾಕಿಕೊಂಡೇ ವಾಕಿಂಗ್ ಹೋಗುತ್ತಿದ್ದರು. ಪಾರ್ಕಿಗೆ ಬರುವ ದಂಪತಿಗಳನ್ನೆಲ್ಲ ಸೇರಿಸಿ ಒಂದು ಬಳಗ ಮಾಡಿದ್ದರು. ವ್ಯಾಯಾಮಕ್ಕೆ ಮೊದಲು ಎಲ್ಲರೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಬೇಕು, ಕುಳ್ಳಗಿದ್ದವರು ಮುಂದೆ. "ಎಲ್ಲಾ ಬಂದ್ರಾ? ನಂಬರ್ ಹೇಳಿ!" ಎಂದು ಅವರು ಕೂಗಿದರೆ ಒಬ್ಬೊಬ್ಬರೂ ತಮ್ಮ ನಂಬರನ್ನು ಕೂಗಿ ಹೇಳಬೇಕು. ಕೆಲಸಕ್ಕೆ ಹೊರಡುವ ಮೊದಲು ನಾನೂ ಹೋಗುತ್ತಿದ್ದೆ. ಎಲ್ಲರಿಗಿಂತ ಕುಳ್ಳಿ ನಾನು, ಹಾಗಾಗಿ ನಾನು ಒಂದು. ನನಗಿಂತ ಒಂದಿಷ್ಟೇ ಎತ್ತರ ಆಂಟಿ, ಅವರು ಎರಡು. ಗಂಡನಿಗೆ ಹೀಗೆ ದಿನಾ ಹಾಜರಿ ಕೊಡುವುದು ಆಂಟಿಗೆ ನಗು ತರಿಸುತ್ತಿತ್ತು. "ಎರಡೂ..." ಎಂದು ರಾಗ ಎಳೆದು ಹೇಳಿ ಸೆರಗಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಂಕಲ್ ಗಂಭೀರವಾಗಿ "ನಗಬಾರ್ದು" ಅನ್ನುತ್ತಿದ್ದರು. ಪಾರ್ಕಿನಲ್ಲಿ ದಿನಾ ನಡೆಯುತ್ತಿದ್ದದ್ದು ಇದು. ಯಾರಿಗೂ ಬೇಜಾರಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅಂಕಲ್. ಶೂ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. "ಸ್ಕೂಲ್ ವ್ಯಾನ್ ಹೋಗ್ಬಿಡ್ತಾ ಮೇಡಂ?" ಎಂದು ಕೇಳಿದರು. ನನ್ನನ್ನು ಅವರು ಯಾವತ್ತೂ ಮೇಡಂ ಅಂದವರಲ್ಲ. ಅಷ್ಟರಲ್ಲಿ ಆಂಟಿ ಮಂಡಿನೋವಿನ ಕಾಲಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. "ಬನ್ನಿ ಬನ್ನಿ, ವ್ಯಾನು ಕೆಳಗೈತೆ" ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬರೇ ವಾಪಸ್ ಬಂದು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತರು.

"ಡಾಕ್ಟರ್ ಹತ್ರ ತೋರ್ಸಾಗಿದೆ ಕಣೇ. ದಿನ ಕಳೆದಂಗೆಲ್ಲ ಜಾಸ್ತಿ ಆಗುತ್ತಂತೆ. ಇದು ನಿನ್ನ ಹೊಟ್ಟೇಲಿ ಇರ್ಲಿ. ಪಾರ್ಕಿನವ್ರಿಗೆ ಗೊತ್ತಾಗ್ಬಾರ್ದು."

"ಯಾಕಾಂಟಿ? ಅವರೆಲ್ಲ ನಿಮ್ಮ ಸ್ನೇಹಿತರೇ ಅಲ್ವಾ?"

"ಸ್ನೇಹಿತರು ಅಂತಲೇ. ಅಲ್ಲಿ ಇವರಿನ್ನೂ ಮೇಷ್ಟ್ರು. ಗೊತ್ತಾದ್ ದಿನ ಪೇಷಂಟು."

ಅಷ್ಟೇ ಹೇಳಿದ್ದು. ಅದಾದ ಮೇಲೆ ಅವರ ಇಡೀ ಬದುಕು ಈ ಒಂದು ಮಾತನ್ನು ಕಾಯುವುದರಲ್ಲೇ ಹೋಯಿತು. ಪಾರ್ಕಿಗೆ ಜೊತೆಯಲ್ಲೇ ಹೋಗುವುದು, ಅಂಕಲ್ ಯಾರದೋ ಹೆಸರು ತಡಕಾಡಿದರೆ ಕೆಮ್ಮುವ ನೆಪದಲ್ಲಿ ತಾವೇ ಹೇಳಿಬಿಡುವುದು. ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಯಾರಿಗೂ ಅನುಮಾನ ಬರಲಿಲ್ಲ.

ಆ ವರ್ಷ ಬಳಗದ ಟಿಂಬರ್ ಅಂಕಲ್‌ಗೆ ಅರವತ್ತು ತುಂಬಿತು. ಮರದ ಡಿಪೋ ಇಟ್ಟುಕೊಂಡಿದ್ದ ದೊಡ್ಡ ಗಂಟಲಿನ ಮನುಷ್ಯ. ಛತ್ರ, ಹೋಮ ಬೇಡ, ಎಲ್ಲಾ ಜೋಡಿಯಾಗಿ ಅಂಡಮಾನಿಗೆ ಹೋಗೋಣ ಎಂದರು. ಟಿಂಬರ್ ಆಂಟಿಗೂ ಹುರುಪು. ಇನ್ಶೂರೆನ್ಸ್ ಏಜೆಂಟಾಗಿದ್ದ ಇನ್ನೊಬ್ಬರು ಮತ್ತು ಅವರ ಹೆಂಡತಿಯೂ ಒಪ್ಪಿದರು. ಓನರ್ ಆಂಟಿ ಎಲ್ಲರಿಗಿಂತ ಮೊದಲು ಹೂಂ ಅಂದದ್ದು ಕೇಳಿ ನನಗೆ ಗಾಬರಿಯಾಯಿತು.

ಮನೆಗೆ ಬಂದ ಮೇಲೆ ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ. "ಮುಂದಿನ ವರ್ಷ ಅಂದ್ರೆ ಇವರು ಬರಲ್ಲ ಕಣೇ. ಬರ್ತಾರೆ... ಆದ್ರೆ ಇವರಾಗಿ ಬರಲ್ಲ. ಒಂದ್ ಸಲ, ಎಲ್ಲಾರ್ ಥರ, ಗಂಡ ಹೆಂಡ್ತಿ ಅಂತ ಹೋಗ್ಬರ್ತೀನಿ. ನೀವಿಬ್ರೂ ಬನ್ನಿ. ನೀನಿದ್ರೆ ನಂಗೆ ಧೈರ್ಯ."

ನಾವಿಬ್ಬರೂ ಅಲ್ಲಿಯವರೆಗೆ ವಿಮಾನ ಹತ್ತಿದವರಲ್ಲ. ನಮ್ಮವರು ಪೀಣ್ಯದ ಫ್ಯಾಕ್ಟರಿಯಲ್ಲಿ, ನಾನು ರಾಜಾಜಿನಗರದ ಸಣ್ಣ ನರ್ಸಿಂಗ್ ಹೋಮಿನ ಅಕೌಂಟ್ಸಿನಲ್ಲಿ. ಯೋಚಿಸಿ ಯೋಚಿಸಿ ಹೂಂ ಅಂದೆವು. ಮಗಳನ್ನು ಅಮ್ಮನ ಹತ್ತಿರ ಬಿಟ್ಟೆವು.

ಟೀ ಶರ್ಟಿನ ಯೋಚನೆ ಆಂಟಿಯದೇ. ಒಂದೇ ಬಣ್ಣದ್ದು ಎಲ್ಲರಿಗೂ ಹೊಲಿಸೋಣ, ಫೋಟೋ ಚೆನ್ನಾಗಿ ಬರುತ್ತೆ ಎಂದು ಪಾರ್ಕಿನಲ್ಲಿ ಹೇಳಿದರು. ಬಣ್ಣ ಆರಿಸಿದವರೂ ಅವರೇ. ರಾಜಾಜಿನಗರದ ಪ್ರಿಂಟಿಂಗ್ ಅಂಗಡಿಯವನು ಗಟ್ಟಿ ನೀಲಿ ತೋರಿಸಿದ, ಬಿಳಿ ತೋರಿಸಿದ. ಆಂಟಿ ಬೇಡವೆಂದು ತಲೆಯಾಡಿಸುತ್ತಲೇ ಹೋದರು. ಮೂಲೆಯಲ್ಲಿ ಯಾರಿಗೂ ಬೇಡದೆ ಬಿದ್ದಿದ್ದ ಗಿಳಿಹಸಿರನ್ನು ಎತ್ತಿ ಬಾಗಿಲಾಚೆ ರಸ್ತೆಯಲ್ಲಿ ನಿಂತು ತೋರಿಸು ಎಂದು ನನಗೆ ಕೊಟ್ಟರು. ನಾನು ಟ್ರಾಫಿಕ್ಕಿನ ಆಚೆ ನಿಂತು ಎತ್ತಿ ಹಿಡಿದೆ. "ಇದೇ" ಎಂದರು. ಆಮೇಲೆ ಬಸ್‌ಸ್ಟಾಪಿನಲ್ಲಿ ಗುಟ್ಟಾಗಿ ಹೇಳಿದರು, "ಹೆಸರು ಮರೀತಾರೆ, ಮುಖ ಮರೀತಾರೆ, ಬಣ್ಣ ಇನ್ನೂ ಮರೆತಿಲ್ಲ."

ಹೊರಡುವ ಮೊದಲು ನಾವು ರಿಹರ್ಸಲ್ ಮಾಡಿದೆವು. ಹೇಳಿದರೆ ನಗುತ್ತೀರಿ. ಸಂಜೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿರದ ಹೊತ್ತು ನೋಡಿ ಹೋಗುವುದು. ನಾನು ಹಸಿರು ತೊಟ್ಟು ಮುಂದೆ, ಅಂಕಲ್ ನನ್ನ ಹಿಂದೆ, ಅವರ ಹಿಂದೆ ದೂರದಲ್ಲಿ ಆಂಟಿ. "ಹಸಿರು ಬಿಟ್ಟು ಹೋಗ್ಬಾರ್ದು, ಆಯ್ತಾ?" ಅಂದರೆ ಅಂಕಲ್ ಸೆಲ್ಯೂಟ್ ಹೊಡೆಯುತ್ತಿದ್ದರು. ಅವರೆಕಾಯಿ ಗಾಡಿ, ಹೂವಿನ ಬುಟ್ಟಿ, ಸ್ಕೂಟರುಗಳ ಸಂದಿಯಲ್ಲಿ ನಾನು ಎಲ್ಲಿ ನುಗ್ಗಿದರೂ ನನ್ನ ಹಿಂದೆ ಬಂದರು. ಸೊಪ್ಪು ಮಾರುವ ಹೆಂಗಸು ಒಬ್ಬಳು ಮಾತ್ರ ಕೇಳಿಯೇಬಿಟ್ಟಳು, "ಅಣ್ಣ, ಆ ಹುಡುಗಿ ಹಿಂದೆ ಯಾಕ್ ಬಿದ್ದಿದೀರಾ ಈ ವಯಸ್ಸಲ್ಲಿ?" ಆಂಟಿ ಹಿಂದಿನಿಂದ ಕೂಗಿದರು, "ನಾನೇ ಬಿಟ್ಟಿರೋದು ಕಣಮ್ಮಾ!" ಅವತ್ತು ಬಾಳೆಹಣ್ಣಿನ ಗಾಡಿ ಹಿಡಿದುಕೊಂಡು ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು...

ಅಂಡಮಾನಿನ ಸಮುದ್ರದ ಬಣ್ಣವನ್ನು ನಾನು ಹೇಳಲಾರೆ. ಒಂದು ಕಡೆ ನವಿಲುಗರಿ, ಒಂದು ಕಡೆ ಗಾಜಿನ ಬಳೆ. ಆಂಟಿಯ ತವರು ಮಲ್ಲತ್ತಹಳ್ಳಿ, ಕೆರೆಯ ಪಕ್ಕದಲ್ಲೇ ಹೊಲವಿದ್ದವರು. ನೀರನ್ನು ಕಂಡು ಬೆಳೆದ ಹೆಂಗಸು ಮರಳಿನ ಮೇಲೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಆಚೆ ದಡ ಹುಡುಕಿದರು. "ಕೆರೆಗೆ ಸುತ್ತ ದಡ ಇರುತ್ತೆ ಡಿಗ್ರಿ. ಇದಕ್ಕೆ ನಾವು ನಿಂತಿರೋದೊಂದೇ" ಎಂದರು.

ಚೂಡಿದಾರದ ಪ್ಯಾಂಟಿನ ಮೇಲೆ ಆ ಹಸಿರು ಟೀ ಶರ್ಟು ತೊಟ್ಟು, ತಲೆಗೆ ಮಲ್ಲಿಗೆ ಮುಡಿದು, ಜೀವನದಲ್ಲಿ ಮೊದಲ ಸಲ ಆಂಟಿ ಸಮುದ್ರಕ್ಕಿಳಿದರು. ಅಂಕಲ್ ಅವರ ಕೈ ಹಿಡಿದಿದ್ದರು. ನಾನು ಪಕ್ಕದಲ್ಲೇ ಮೊಣಕಾಲು ನೀರಿನಲ್ಲಿದ್ದೆ. ಅಲೆ ಬಂದು ಹೋಯಿತು. ಅಂಕಲ್ ಆಂಟಿಯ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ತಾವು ಯಾವ ಕಡೆಯವರು?" ಎಂದು ಕೇಳಿದರು.

ಆಂಟಿ ಕೈ ಬಿಡಲಿಲ್ಲ. "ಮಲ್ಲತ್ತಹಳ್ಳಿ ಕಡೆ" ಎಂದರು.

"ಮದುವೆ ಆಗಿದೆಯಾ?"

"ಆಗಿದೆ. ಒಳ್ಳೇವ್ರು."

"ಏನ್ ಮಾಡ್ತಾರೆ ಯಜಮಾನ್ರು?"

"ಡ್ರಿಲ್ ಮೇಷ್ಟ್ರು."

ಅಂಕಲ್ ಮುಖ ಅರಳಿತು. "ಹೌದಾ! ನಾನೂ ಅದೇ ಅಲ್ವಾ! ಹಂಗಾದ್ರೆ ನಂಗೆ ಪರಿಚಯ ಇರ್ಬೇಕಲ್ಲ."

"ಇದೆ," ಎಂದರು ಆಂಟಿ, "ಚೆನ್ನಾಗ್ ಪರಿಚಯ ಇದೆ." ಇನ್ನೊಂದು ಅಲೆ ಬಂತು. ಅವರು ಅದರ ಕಡೆ ಮುಖ ತಿರುಗಿಸಿಕೊಂಡರು. ಒದ್ದೆಯಾಗಿದ್ದ ಮುಖವನ್ನು ಒರೆಸಿಕೊಂಡದ್ದು ಉಪ್ಪುನೀರಿಗೋ ಬೇರೆಯದಕ್ಕೋ ನನಗೆ ಗೊತ್ತಿಲ್ಲ. ದಡದಲ್ಲಿದ್ದ ಟಿಂಬರ್ ಅಂಕಲ್ "ನೋಡ್ರೋ ನಮ್ ಮೇಷ್ಟ್ರ ಹನಿಮೂನು!" ಎಂದು ಕೂಗಿ ಮೊಬೈಲಿನಲ್ಲಿ ಫೋಟೋ ಹೊಡೆದರು. ಆ ಫೋಟೋದಲ್ಲಿ ಇಬ್ಬರೂ ನಗುತ್ತಿದ್ದಾರೆ. ಅದನ್ನು ನೋಡಿದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಟೀ ಶರ್ಟಿನ ಜಗಳ ಶುರುವಾದದ್ದು ಆಮೇಲೆ. ದಿನಾ ಒಗೆದು ಒಣಗಿಸಿ ಅದನ್ನೇ ಹಾಕಿ ಎಂದು ಆಂಟಿ ಹಠ ಹಿಡಿದಿದ್ದರು. ಟಿಂಬರ್ ಆಂಟಿಗೆ ಸಾಕಾಗಿತ್ತು. ಹೊಸ ಹೂವಿನ ಗೌನು ತಂದು ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದರು. "ಬಂದಾಗಿನಿಂದ ಇದೇ ಗಿಳಿ ವೇಷ! ಅಲ್ಲಾರೀ, ನಾವೇನ್ ಟೂರಿಗೆ ಬಂದಿದೀವೋ ಎನ್.ಸಿ.ಸಿ. ಕ್ಯಾಂಪಿಗೋ?" ಎಂದು ತಿಂಡಿ ಹೊತ್ತಿನಲ್ಲಿ ಸಿಡುಕಿದರು. ಕಾರಣ ಹೇಳುವ ಹಾಗಿಲ್ಲ. ಆಂಟಿ ಇಡ್ಲಿ ಮುರಿಯುತ್ತಾ "ಫೋಟೋಗೆ ಚೆನ್ನಾಗಿರುತ್ತೆ ಅಂತ..." ಎಂದಷ್ಟೇ ಹೇಳಿದರು. ಅವತ್ತು ಆ ಎರಡು ಜೋಡಿಗಳೂ ಬಣ್ಣಬಣ್ಣದ ಬಟ್ಟೆಯಲ್ಲಿ ಬಂದವು. ಹಸಿರಿನಲ್ಲಿ ಉಳಿದವರು ನಾವು ನಾಲ್ಕು ಜನ.

ಅವತ್ತು ಪೋರ್ಟ್ ಬ್ಲೇರಿನಿಂದ ದೋಣಿಯಲ್ಲಿ ಹತ್ತಿರದ ಒಂದು ಪುಟ್ಟ ದ್ವೀಪಕ್ಕೆ ಹೋಗಿದ್ದೆವು. ಬ್ರಿಟಿಷರ ಕಾಲದ ಪಾಳು ಕಟ್ಟಡಗಳು, ಅವುಗಳ ಗೋಡೆಗೆ ಹಾವಿನ ಹಾಗೆ ಸುತ್ತಿಕೊಂಡ ಬೇರುಗಳು, ಜನರ ಮಧ್ಯೆಯೇ ಓಡಾಡುವ ಜಿಂಕೆಗಳು. ಆಂಟಿಯ ಮಂಡಿ ಬಾತಿತ್ತು. ಕೆಳಗೇ ಒಂದು ಕಲ್ಲಿನ ಮೇಲೆ ಕೂತರು, ನಾನು ಅವರ ಪಾದ ಒತ್ತುತ್ತಿದ್ದೆ. ನಮ್ಮವರು ಎಳನೀರು ತರಲು ಹೋದರು. ಟಿಂಬರ್ ಅಂಕಲ್ ಬಂದು "ಮೇಷ್ಟ್ರೇ, ಹೆಂಗಸ್ರ ಹತ್ರ ಏನ್ ಕೂತಿದೀರ, ಬನ್ನಿ ಜಿಂಕೆ ನೋಡೋಣ" ಎಂದು ಹೆಗಲಿಗೆ ಕೈ ಹಾಕಿ ಕರೆದುಕೊಂಡೇ ಹೋದರು. ಆಂಟಿ ಬೇಡ ಅನ್ನಲು ಬಾಯಿ ತೆರೆದರು. ಯಾಕೆ ಬೇಡ ಎಂದು ಕೇಳಿದರೆ? ಬಾಯಿ ಮುಚ್ಚಿದರು.

ಟಿಂಬರ್ ಅಂಕಲ್ ವಾಪಸ್ ಬಂದದ್ದು ಒಬ್ಬರೇ. "ಮೇಷ್ಟ್ರು ಬರ್ಲಿಲ್ವಾ ಇಲ್ಲಿಗೆ? ನನ್ನ ಹಿಂದೇನೇ ಇದ್ರು!"

ಟಿಂಬರ್ ಅಂಕಲ್ ಮೈಮೇಲೆ ಇದ್ದದ್ದು ಕೆಂಪು ಹೂವಿನ ಅಂಗಿ. ನಮ್ಮ ಅಂಕಲ್‌ಗೆ ಹಿಂಬಾಲಿಸಲು ಹಸಿರು ಇರಲಿಲ್ಲ.

ಆಂಟಿ ಎದ್ದು ನಿಂತರು. ಆ ಮಂಡಿಯಲ್ಲಿ ಹೇಗೆ ಎದ್ದರೋ. ಕೂಗಲಿಲ್ಲ, ಅಳಲಿಲ್ಲ. ಗುಡ್ಡದ ದಾರಿಯಲ್ಲಿ ಇಳಿಯುವ ಜನರನ್ನೆಲ್ಲ ನೋಡುತ್ತಾ ನಡೆದರು. ನಾನು, ನಮ್ಮವರು ಕಟ್ಟಡಗಳ ಸಂದಿಯೆಲ್ಲ ಹುಡುಕಿದೆವು. ಆ ಕಡೆ ಸಂಜೆ ಐದಕ್ಕೆಲ್ಲ ಕತ್ತಲು ಕವಿಯುತ್ತದೆ. ಬಿಸಿಲು ಆಗಲೇ ವಾಲಿತ್ತು. ದೋಣಿಯವನು ಹೊರಡೋಣ ಎಂದು ಅವಸರ ಮಾಡುತ್ತಿದ್ದ. ಇನ್ಶೂರೆನ್ಸಿನವರು "ಬರ್ತಾರೆ ಬಿಡ್ರೀ, ಚಿಕ್ಕಮಕ್ಳಾ ಅವ್ರು? ಬೇರೆ ದೋಣೀಲಿ ಹೋಗಿರ್ತಾರೆ" ಎಂದರು.

ಆಂಟಿ ದೋಣಿ ನಿಲ್ಲುವ ಜೆಟ್ಟಿಯ ಕಟ್ಟೆ ಹಿಡಿದುಕೊಂಡು ಅವರ ಕಡೆ ತಿರುಗಿದರು. ನಾನು ಅವರ ಮುಖ ನೋಡಿದೆ. ಅವರು ಹೇಳಿಬಿಡುತ್ತಾರೆಂದು ನನಗೆ ಗೊತ್ತಾಯಿತು.

"ಅವರಿಗೆ ಮರೆವಿನ ಕಾಯಿಲೆ. ಹೇಳ್ದೆ ಕರ್ಕೊಂಬಂದಿದೀನಿ. ನೀವ್ಯಾರೂ ಅವರಿಗೆ ಗೊತ್ತಿಲ್ಲ ಈಗ. ಒಂದೊಂದ್ಸಲ ನಾನೂ ಗೊತ್ತಿಲ್ಲ. ಹುಡುಕ್ಕೊಡಿ."

ಟಿಂಬರ್ ಆಂಟಿ ತಮ್ಮ ಗೌನಿನ ಹೂವನ್ನೇ ನೋಡುತ್ತಾ ನಿಂತರು. ಆಮೇಲೆ ಎಲ್ಲರೂ ಓಡಿದರು. ಅದನ್ನು ಹೇಳಲೇಬೇಕು, ಎಲ್ಲರೂ ಓಡಿದರು.

ಸುದ್ದಿ ಸಿಕ್ಕಿದ್ದು ದೋಣಿಯವನ ಮೊಬೈಲಿಗೆ. ಎದುರಿನ ಇನ್ನೊಂದು ದ್ವೀಪದ ದಡದಲ್ಲಿ ಒಬ್ಬ ವಯಸ್ಸಾದ ಮನುಷ್ಯ ಒಂದು ದೊಡ್ಡ ಗುಂಪನ್ನು ದೋಣಿ ಹತ್ತಲು ಬಿಡುತ್ತಿಲ್ಲವಂತೆ. ನಾವು ಹೋಗಿ ನೋಡಿದರೆ ನಾಗಪುರದ ಕಡೆಯ ಯಾವುದೋ ಯೋಗ ಕ್ಲಾಸಿನವರು, ಎಲ್ಲರ ಮೈಮೇಲೂ ಎಲೆಹಸಿರು ಟೀ ಶರ್ಟು. ನಾವು ಹೇಳಿಕೊಟ್ಟಿದ್ದಂತೆಯೇ ಅಂಕಲ್ ಹಸಿರಿನ ಹಿಂದೆ ಹೋಗಿ ಅವರ ದೋಣಿ ಹತ್ತಿದ್ದರು. ಆ ಗುಂಪಿನವರು ಇವರನ್ನು ಟೂರಿನ ಮ್ಯಾನೇಜರ್ ಎಂದುಕೊಂಡಿದ್ದರು. ದೋಣಿ ಹೊರಡುವ ಹೊತ್ತಿಗೆ ಇವರು ವಿಶಲ್ ಊದಿ ಎಲ್ಲರನ್ನೂ ಮರಳಿನ ಮೇಲೆ ಎತ್ತರದ ಪ್ರಕಾರ ನಿಲ್ಲಿಸಿದ್ದರು. ಮೊದಲನೆಯ ಹೆಂಗಸು "ಏಕ್" ಅಂದಿದ್ದಳು. ಎರಡನೆಯವಳು "ದೋ" ಅಂದಾಗ ಅಂಕಲ್ ತಲೆ ಅಲ್ಲಾಡಿಸಿದ್ದರು. ನೀವಲ್ಲ. ಮತ್ತೆ ಮೊದಲಿನಿಂದ. ಏಕ್. ದೋ. ನೀವಲ್ಲ. ಆ ಜನ ನಗುತ್ತಾ ನಗುತ್ತಾ ಕೊನೆಗೆ ನಗುವುದನ್ನು ನಿಲ್ಲಿಸಿದ್ದರು.

ನಾವು ದೋಣಿಯಿಂದ ಇಳಿಯುವಾಗ ಅಂಕಲ್ ದನಿ ಒಡೆದುಹೋಗಿತ್ತು. "ನಂಬರ್ ಟೂ ಬರ್ದೆ ಯಾರೂ ಹೊರಡೋ ಹಂಗಿಲ್ಲ!" ಎಂದು ಕನ್ನಡದಲ್ಲಿ ಕೂಗುತ್ತಿದ್ದರು.

ಆಂಟಿ ನೀರಿನಲ್ಲೇ ಇಳಿದು ನಡೆದರು. ಸೀದಾ ಹೋಗಿ ಆ ಅಪರಿಚಿತ ಸಾಲಿನಲ್ಲಿ ಎರಡನೆಯ ಜಾಗದಲ್ಲಿ ನಿಂತರು. ಈ ಸಲ ರಾಗ ಎಳೆಯಲಿಲ್ಲ, ನಗಲಿಲ್ಲ.

"ಎರಡು" ಎಂದರು.

ಅಂಕಲ್ ಅವರನ್ನು ದಿಟ್ಟಿಸಿ ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ. "ಲೇಟು" ಎಂದರು. ವಿಶಲನ್ನು ಅಂಗಿಯೊಳಗೆ ಹಾಕಿಕೊಂಡು, ಮಗುವಿನ ಹಾಗೆ ಅವರ ಕೈ ಹಿಡಿದುಕೊಂಡರು.

ಬೆಂಗಳೂರಿಗೆ ಬಂದ ಮೇಲೆ ಪಾರ್ಕಿನವರು ಕೆಟ್ಟದಾಗಿ ನಡೆದುಕೊಂಡರೆಂದು ಹೇಳಲಾರೆ. ಹಣ್ಣು ತಂದರು. ಒಳ್ಳೇ ಡಾಕ್ಟರ ಹೆಸರು ಹೇಳಿದರು. ಅಂಕಲ್ ಇದ್ದಾಗಲೇ, ಅವರಿಗೆ ಕೇಳಿಸುವುದೇ ಇಲ್ಲವೇನೋ ಎಂಬಂತೆ, "ಊಟ ಮಾಡ್ತಾರಾ? ನಿದ್ದೆ ಬರುತ್ತಾ?" ಎಂದು ಆಂಟಿಯನ್ನು ಕೇಳಿದರು. ವ್ಯಾಯಾಮ ಹೇಳಿಕೊಡಲು ಇನ್ಶೂರೆನ್ಸಿನವರು ನಿಂತರು. ನಂಬರ್ ಹೇಳುವುದು ನಿಂತಿತು. ಮುಂದಿನ ಟೂರಿಗೆ ಹೋದಾಗ ಇವರನ್ನು ಕರೆಯಲಿಲ್ಲ. ಪಾಪ, ಅವರಿಗ್ಯಾಕೆ ತೊಂದರೆ ಅಂತ. ಬೆಳಗ್ಗೆ ಗಂಡ ಹೆಂಡತಿ ಇಬ್ಬರೇ ಪಾರ್ಕಿನ ಇನ್ನೊಂದು ಬದಿಯಲ್ಲಿ ಸುತ್ತುವುದನ್ನು ನಾನು ಬಸ್ಸಿಗೆ ಹೋಗುವಾಗ ನೋಡುತ್ತಿದ್ದೆ.

ನನಗೆ ಸಿಟ್ಟಿತ್ತು. ಒಂದು ದಿನ ಆಂಟಿಯ ಮುಂದೆ ಪಾರ್ಕಿನವರನ್ನು ಬಾಯಿಬಿಟ್ಟು ಬೈದೆ. ಆಂಟಿ ನನ್ನನ್ನೇ ಗದರಿದರು. "ಕೆಟ್ಟವರಲ್ಲ ಕಣೇ. ಎಲ್ಲಾ ಅದೇ ವಯಸ್ಸಿನವ್ರು. ನಮ್ಮನ್ ಕಂಡ್ರೆ ಅವ್ರಿಗೆ ಭಯ, ಅಷ್ಟೇ."

ಕೆಂಗೇರಿಯಲ್ಲಿ ನಾವು ಈ ಫ್ಲ್ಯಾಟು ಕೊಂಡು ಮನೆ ಖಾಲಿ ಮಾಡುವ ದಿನ ಆಂಟಿ ಹುರಿಹಿಟ್ಟಿನ ಡಬ್ಬಿಯ ಮೇಲೆ ಮಡಿಸಿದ ಒಂದು ಬಟ್ಟೆ ಇಟ್ಟು ಕೊಟ್ಟರು. ಅವರದೇ ಟೀ ಶರ್ಟು. ನನ್ನದು ಯಾವತ್ತೋ ಹರಿದುಹೋಗಿತ್ತು. "ನಾಳೆ ನಂಗೇನಾದ್ರೂ ಆಗಿ ಇವರು ಎಲ್ಲಾದ್ರೂ ತಪ್ಪಿಸ್ಕೊಂಡ್ರೆ, ಇದ್ ಹಾಕ್ಕೊಂಡು ಹುಡುಕು" ಎಂದರು. ಸರ್ಟಿಫಿಕೇಟು ಇಳಿಸಿದ್ದ ಗೋಡೆಯ ಮೊಳೆಯನ್ನು ನಾನು ಕೀಳಲು ಹೋದೆ. "ಇರ್ಲಿ ಬಿಡು ಡಿಗ್ರಿ" ಎಂದರು.

ಮೊದಲು ಹೋದವರು ಆಂಟಿಯೇ. ನಿದ್ದೆಯಲ್ಲೇ. ಬೆಳಗ್ಗೆ ಹಾಲಿನವನು ಬಂದಾಗ ಅಂಕಲ್ ಬಾಗಿಲು ತೆಗೆದು, ತುಟಿಯ ಮೇಲೆ ಬೆರಳಿಟ್ಟು, "ಮಲಗಿದ್ದಾರೆ, ಎಬ್ಬಿಸ್ಬೇಡಿ" ಅಂದರಂತೆ. ಆಂಟಿಯ ಅಣ್ಣನ ಮಗ ಬಂದು ಎಲ್ಲ ಮಾಡಿದ. ಅಂಕಲನ್ನು ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಇರುವ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿಸಿದ. ಬಸವೇಶ್ವರನಗರದ ಆ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ. ನಾನು ಅಂಕಲನ್ನು ನೋಡಲು ಹಬ್ಬಕ್ಕೆ ಹುಣ್ಣಿಮೆಗೆ ಹೋಗುತ್ತಿರುತ್ತೇನೆ. ಸೀರೆಯುಟ್ಟು, ಹಣ್ಣು ಹಿಡಿದುಕೊಂಡು. ಅವರು "ಬನ್ನಿ ಮೇಡಂ" ಎನ್ನುತ್ತಾರೆ, ಗೋಡೆಯ ಕಡೆ ನೋಡುತ್ತಾರೆ. ಆಂಟಿಯ ಹೆಸರು ಹೇಳಿದರೆ ಯಾರೋ ದೂರದವರ ಸುದ್ದಿ ಕೇಳಿದ ಹಾಗೆ ತಲೆಯಾಡಿಸುತ್ತಾರೆ. ಆ ಹೆಂಗಸು ಸಮುದ್ರದಲ್ಲಿ ನಿಂತು ಒಂದು ಮಧ್ಯಾಹ್ನ ತನ್ನ ಗಂಡನಿಗೆ ತನ್ನ ಗಂಡನ ಬಗ್ಗೆಯೇ ಹೇಳಿದ್ದು... ಅದನ್ನು ಕೇಳಿದವರಲ್ಲಿ ನೆನಪಿರುವವಳು ಈಗ ನಾನೊಬ್ಬಳೇ. ನಾನೂ ಮರೆತರೆ ಆ ಸಮುದ್ರ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

ಟೀ ಶರ್ಟು ಒಣಗಿದ ಮೇಲೆ ಇಸ್ತ್ರಿ ಮಾಡಿದೆ. ಫಿನಾಯಿಲ್ ವಾಸನೆ ಪೂರ್ತಿ ಹೋಗಿರಲಿಲ್ಲ. ಈ ಭಾನುವಾರ ಅದನ್ನು ತೊಟ್ಟು ಹೊರಟೆ. ನಮ್ಮವರು ನೋಡಿ ಹಣ್ಣಿನ ಚೀಲ ಕೈಗೆ ಕೊಟ್ಟರು. ಆಟೋದವನು ಮಾತ್ರ ಕನ್ನಡಿಯಲ್ಲಿ ಎರಡು ಸಲ ನೋಡಿದ.

ಅಂಕಲ್ ಜಗಲಿಯ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದರು. ನಾನು ಗೇಟಿನಿಂದ ನಡೆದು ಬರುವುದನ್ನು ನೋಡುತ್ತಾ ನೋಡುತ್ತಾ ಎದ್ದು ನಿಂತರು. ಅಂಗಿ ಎಳೆದು ಸರಿ ಮಾಡಿಕೊಂಡರು. ಕೈ ಎದೆಯ ಮೇಲೆ ವಿಶಲ್ ಹುಡುಕಿತು. ಅದು ಅಲ್ಲಿರಲಿಲ್ಲ.

"ಎಲ್ಲಾ ಬಂದ್ರಾ?" ಎಂದರು. ಹಳೆಯ ದನಿ. ಪಾರ್ಕಿನ ದನಿ.

"ಬಂದ್ರು ಸಾರ್" ಎಂದೆ.

"ನಂಬರ್ ಹೇಳಿ!"

ನಾನು ನೆಟ್ಟಗೆ ನಿಂತೆ. "ಒಂದು" ಎಂದೆ.

ಅವರು ಸರಿ ಎಂದು ತಲೆಯಾಡಿಸಿದರು. ನನ್ನ ಪಕ್ಕದ ಖಾಲಿ ಜಾಗದ ಕಡೆ ತಿರುಗಿ ಕಾದರು. ನಾನೂ ಕಾದೆ...